ಎದುರಾಳಿಗೆ ಏನು ಬೇಕು? ಟಿಗ್ರಾನ್ ಪೆಟ್ರೋಸಿಯನ್ ಅವರ ಚದುರಂಗ

ಬಾನುಲಿ ಕೇಳುಗರೆಲ್ಲರಿಗೂ ನಮಸ್ಕಾರ.

ಚದುರಂಗದ ಕುರಿತು ಮಾತನಾಡಬೇಕೆಂದು ಕರೆ ಬಂದಾಗ, ವಿಶ್ವನಾಥನ್ ಆನಂದ್ ಅವರ ಬಗೆಗೋ, 18ನೆಯ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಗುಕೇಶ್ ಅವರ ಬಗೆಗೋ ನಾನು ಹೇಳುತ್ತೇನೆಂದು ಕರೆದವರು ಭಾವಿಸಿದ್ದಿರಬೇಕು. ಅವರಿಬ್ಬರ ವಿಷಯ ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತದೆ. ನಾನು ಇಂದು ಹೇಳಹೊರಟಿರುವುದು 1963ರಿಂದ 1969ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ, ಅರ್ಮೇನಿಯನ್ ಮನೆತನದ ಸೋವಿಯತ್ ಆಟಗಾರ ಟಿಗ್ರಾನ್ ಪೆಟ್ರೋಸಿಯನ್ ಅವರ ವಿಷಯ. ಈ ಹೆಸರನ್ನು ಕೇಳದವರೇ ಹೆಚ್ಚು, ಕೇಳಿದವರಲ್ಲಿಯೂ ಅನೇಕರು "ಓ, ಬರೀ ಡ್ರಾ ಮಾಡಿಕೊಳ್ಳುತ್ತಿದ್ದರಲ್ಲ, ಅವರೇ?" ಎಂದು ಮೂಗು ಮುರಿಯುತ್ತಾರೆ. ಹಾಗೆ ಮೂಗು ಮುರಿಯುವವರಿಗಾಗಿ, ಮತ್ತು ಮಕ್ಕಳನ್ನು ಭಾನುವಾರದ ಟೂರ್ನಿಗಳಿಗೆ ಕರೆತಂದು ಬಾಗಿಲ ಹೊರಗೆ ಕಾದು ಕುಳಿತಿರುವ ತಂದೆತಾಯಿಗಳಿಗಾಗಿ ಈ ಮಾತು.

ನಾನು ಮಕ್ಕಳಿಗೆ ಚದುರಂಗ ಕಲಿಸುವವನು. ಆಟ ಮುಗಿಸಿ ಹೊರಗೆ ಬಂದ ಮಗುವನ್ನು ಮನೆಯವರು ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠವಾಗಿಬಿಟ್ಟಿವೆ. "ಗೆದ್ದೆಯಾ? ಎಷ್ಟು ಕಾಯಿ ಹೊಡೆದೆ? ಅವನ ಮಂತ್ರಿಯನ್ನು ತೆಗೆದೆಯಾ?" ಮಗುವಿನ ತಲೆಯೊಳಗೂ ಇವೇ ಪ್ರಶ್ನೆಗಳು ತುಂಬಿರುವುದರಿಂದ, ಅದು ಹಲಗೆಯ ಮುಂದೆ ಕುಳಿತೊಡನೆ ತಾನು ಏನು ಹೊಡೆಯಬಹುದು, ತಾನು ಎಲ್ಲಿ ನುಗ್ಗಬಹುದು ಎಂದಷ್ಟೇ ನೋಡುತ್ತದೆ, ಎದುರಿಗೆ ಕುಳಿತಿರುವ ಇನ್ನೊಂದು ಮಗುವಿಗೂ ಆಸೆಗಳಿವೆ, ಯೋಜನೆಗಳಿವೆ ಎಂಬುದು ಅದರ ಗಮನಕ್ಕೇ ಬರುವುದಿಲ್ಲ. ಪೆಟ್ರೋಸಿಯನ್ ಅವರು ಜೀವನವಿಡೀ ಆಡಿದ್ದು ಇದಕ್ಕೆ ತಿರುಗುಮುರುಗಾದ ಆಟ. ತಮ್ಮ ಕಾಯಿಯನ್ನು ಮುಟ್ಟುವ ಮೊದಲು ಅವರು ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಒಂದೇ: ಎದುರಾಳಿಗೆ ಏನು ಬೇಕು? ಇಂದು ನಾನು ಹೇಳುವುದರಲ್ಲಿ ಉಳಿದದ್ದೆಲ್ಲವನ್ನೂ ತಾವು ಮರೆತರೂ ಚಿಂತೆಯಿಲ್ಲ, ಈ ಒಂದು ಪ್ರಶ್ನೆಯನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಪೆಟ್ರೋಸಿಯನ್ ಹುಟ್ಟಿದ್ದು 1929ರ ಜೂನ್ 17ರಂದು, ಆಗ ಟಿಫ್ಲಿಸ್ ಎಂದು ಕರೆಯಲಾಗುತ್ತಿದ್ದ ಇಂದಿನ ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು, ಹೊಟ್ಟೆಪಾಡಿಗಾಗಿ ಬೀದಿ ಗುಡಿಸುವ ಕೆಲಸ ಮಾಡಿದ ಹುಡುಗ ಅವರು. ಅದೇ ಹರೆಯದಲ್ಲಿ ಕಿವಿ ಮಂದವಾಗತೊಡಗಿ, ಮುಂದೆ ಶ್ರವಣಯಂತ್ರವಿಲ್ಲದೆ ನಡೆಯದಂತಾಯಿತು. ಊರಿನ ಮಕ್ಕಳ ಕೇಂದ್ರದಲ್ಲಿ ಅವರಿಗೆ ಪಾಠ ಹೇಳಿದವರು ಅರ್ಚಿಲ್ ಎಬ್ರಾಲಿಡ್ಜೆ ಎಂಬ ಗುರು. ಆ ಗುರುವಿಗೆ ಎರಡು ದೇವರು, ಒಬ್ಬರು ಕ್ಯೂಬಾದ ಆಟಗಾರ ಕಾಪಾಬ್ಲಾಂಕಾ, ಇನ್ನೊಬ್ಬರು ರೀಗಾದಲ್ಲಿ ಹುಟ್ಟಿದ ಆರನ್ ನಿಮ್ಜೋವಿಚ್. ಎದುರಾಳಿಯ ಯೋಜನೆ ಮೊಳಕೆಯೊಡೆಯುವ ಮೊದಲೇ ಅದನ್ನು ಚಿವುಟಬೇಕು ಎಂದು ನಿಮ್ಜೋವಿಚ್ ಬರೆದಿದ್ದರು. ಆ ಮಾತನ್ನು ಓದಿದವರು ಸಾವಿರಾರು ಮಂದಿ. ಅದನ್ನು ಉಸಿರಾಟದಷ್ಟು ಸಹಜವಾಗಿ ಆಟಕ್ಕೆ ಇಳಿಸಿದವರು ಪೆಟ್ರೋಸಿಯನ್. ಮಳೆ ಶುರುವಾದ ಮೇಲೆ ಕೊಡೆ ಹುಡುಕುವವರಲ್ಲ ಅವರು, ಚೈತ್ರದಲ್ಲಿಯೇ ಮಾಡಿನ ಹೆಂಚು ಕೈಯಾಡಿಸಿ ಮುಗಿಸಿರುವ ಮನೆಯ ಯಜಮಾನ.

ಯುದ್ಧ ಮುಗಿದ ಮೇಲೆ ಯೆರೆವಾನ್‌ಗೆ ಹೋಗಿ, ಅಲ್ಲಿಂದ ಮಾಸ್ಕೋ ಸೇರಿ, 1952ರಲ್ಲಿ ಚದುರಂಗದ ಅತ್ಯುನ್ನತ ಬಿರುದು ಪಡೆದು ಗ್ರ್ಯಾಂಡ್‌ಮಾಸ್ಟರ್ ಆದರು. ಮರುವರ್ಷ ಅವರು ಆಡಿದ ಒಂದು ಆಟದ ಕತೆಯನ್ನು ತಮಗೆ ಹೇಳಲೇಬೇಕು. ಸಮಯ ಸ್ವಲ್ಪ ಹೆಚ್ಚು ಹಿಡಿದರೂ ಚಿಂತೆಯಿಲ್ಲ, ಏಕೆಂದರೆ ಈ ಆಟದ ಒಂದು ನಡೆ ತಿಳಿದರೆ ಪೆಟ್ರೋಸಿಯನ್ ಪೂರ್ತಿಯಾಗಿ ತಿಳಿದಂತೆ.

1953ರಲ್ಲಿ ಸ್ವಿಟ್ಜರ್ಲೆಂಡ್‌ನ ನಾಯ್‌ಹೌಸೆನ್ ಮತ್ತು ಜ್ಯೂರಿಕ್ ಊರುಗಳಲ್ಲಿ, ವಿಶ್ವ ಚಾಂಪಿಯನ್ನರಿಗೆ ಸವಾಲು ಹಾಕುವವರು ಯಾರೆಂದು ನಿರ್ಧರಿಸುವ ಕ್ಯಾಂಡಿಡೇಟ್ಸ್ ಪಂದ್ಯಾವಳಿ ನಡೆಯಿತು. 15 ಮಂದಿ ಆಟಗಾರರು, ಪ್ರತಿಯೊಬ್ಬರಿಗೂ 28 ಆಟಗಳು. ಎರಡನೆಯ ಸುತ್ತಿನಲ್ಲಿ ಪೆಟ್ರೋಸಿಯನ್ ಅವರ ಎದುರಿಗೆ ಕುಳಿತವರು ಅಮೆರಿಕದ ಸ್ಯಾಮ್ಯುಯೆಲ್ ರೆಶೆವ್‌ಸ್ಕಿ. ಪೋಲೆಂಡ್‌ನಲ್ಲಿ ಹುಟ್ಟಿ, ಎಂಟನೆಯ ವಯಸ್ಸಿಗೇ ಸಾಲಾಗಿ ಕುಳಿತ ದೊಡ್ಡವರೊಡನೆ ಏಕಕಾಲದಲ್ಲಿ ಆಡಿ ಸೋಲಿಸುತ್ತಿದ್ದ ಬಾಲಪ್ರತಿಭೆ ಅವರು. ಒಮ್ಮೆ ಹಿಡಿದ ಹಿಡಿತವನ್ನು ಸಡಿಲಿಸುವ ಜಾಯಮಾನದವರಲ್ಲ. ಅವರ ಕೈಯಲ್ಲಿ ಬಿಳಿ ಕಾಯಿಗಳು, ಪೆಟ್ರೋಸಿಯನ್ ಕೈಯಲ್ಲಿ ಕಪ್ಪು.

ಬಾನುಲಿಯಲ್ಲಿ ಹಲಗೆಯನ್ನು ತೋರಿಸಲು ಬರುವುದಿಲ್ಲ, ಆದ್ದರಿಂದ ತಾವು ಮನಸ್ಸಿನಲ್ಲಿಯೇ ಚಿತ್ರಿಸಿಕೊಳ್ಳಬೇಕು. ಹಲಗೆಯ ಉದ್ದ ಸಾಲುಗಳಿಗೆ ಬಿಳಿಯವರ ಎಡದಿಂದ ಎ, ಬಿ, ಸಿ ಎಂದು ಎಚ್‌ವರೆಗೆ ಹೆಸರು, ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಅಂಕಿ; ಡಿ4 ಎಂದರೆ ಡಿ ಸಾಲಿನ ನಾಲ್ಕನೆಯ ಮನೆ. 25ನೆಯ ನಡೆಯ ಹೊತ್ತಿಗೆ ಹಲಗೆಯ ನಟ್ಟನಡುವೆ ರೆಶೆವ್‌ಸ್ಕಿಯವರ ಎರಡು ಕಾಲಾಳುಗಳು ಅಕ್ಕಪಕ್ಕದ ಸಾಲುಗಳಲ್ಲಿ ಮುಂದೊತ್ತಿ ನಿಂತಿವೆ. ಒಂದು ಡಿ4 ಮನೆಯಲ್ಲಿ, ಇನ್ನೊಂದು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಇ5 ಮನೆಯಲ್ಲಿ. ಅವುಗಳ ಬೆನ್ನಿಗೆ ಇ ಸಾಲಿನಲ್ಲಿ ಬಿಳಿಯ ಎರಡು ಆನೆಗಳು ಒಂದರ ಹಿಂದೆ ಒಂದು ನಿಂತಿವೆ. ಮಂತ್ರಿ ಕಪ್ಪು ರಾಜನ ಕಡೆಗೆ ದೃಷ್ಟಿ ನೆಟ್ಟಿದೆ, ಒಂಟೆ ಜಿ4 ಮನೆಯಿಂದ ಓರೆಯಾಗಿ ನೋಡುತ್ತಿದೆ. ಆ ಇ5 ಕಾಲಾಳು ಇನ್ನೊಂದು ಹೆಜ್ಜೆ ಇಟ್ಟು ಇ6ಕ್ಕೆ ಬಂದಿತೆಂದರೆ, ಹಿಂದಿನಿಂದ ಡಿ ಕಾಲಾಳೂ ನುಗ್ಗಿ, ಕಪ್ಪಿನ ಕೋಟೆ ಹೇಳಹೆಸರಿಲ್ಲದಂತೆ ಕುಸಿಯುತ್ತದೆ.

ಇಂಥ ಹೊತ್ತಿನಲ್ಲಿ ನಮ್ಮ ನಿಮ್ಮಂಥವರು ಏನು ಮಾಡುತ್ತೇವೆ? ಎಲ್ಲಾದರೂ ಒಂದು ಚೆಕ್ ಕೊಡಲು ಸಾಧ್ಯವೇ, ಪಕ್ಕದಲ್ಲಿ ಒಂದು ಕಾಲಾಳನ್ನು ಕಸಿಯಲು ಸಾಧ್ಯವೇ ಎಂದು ತಡಕಾಡುತ್ತೇವೆ. ಪೆಟ್ರೋಸಿಯನ್ ತಮ್ಮ ಎಂದಿನ ಪ್ರಶ್ನೆಯನ್ನೇ ಕೇಳಿಕೊಂಡರು. ರೆಶೆವ್‌ಸ್ಕಿಗೆ ಏನು ಬೇಕು? ಆ ಇ ಕಾಲಾಳನ್ನು ಮುಂದೆ ನೂಕಬೇಕು. ಹಾಗಿದ್ದರೆ ಅದು ಹೆಜ್ಜೆ ಇಡಬೇಕಾದ ಇ6 ಮನೆಯಲ್ಲಿ ಯಾವುದಾದರೊಂದು ಕಾಯಿಯನ್ನು ಕೂರಿಸಬೇಕು. ಇನ್ನೂ ಒಂದು ಸಂಗತಿಯಿತ್ತು. ಕಪ್ಪು ಕುದುರೆ ಸಿ6 ಮನೆಯಲ್ಲಿ ಕೆಲಸವಿಲ್ಲದೆ ನಿಂತಿತ್ತು. ಅದಕ್ಕೆ ಹಲಗೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗವೆಂದರೆ ಡಿ5. ಅಲ್ಲಿಗೆ ಹೋಗಲು ಇ7 ಮನೆಯ ಮೂಲಕ ಹಾದುಹೋಗಬೇಕು, ಆದರೆ ಆ ಇ7 ಮನೆಯಲ್ಲಿ ಪೆಟ್ರೋಸಿಯನ್ ಅವರದೇ ಆನೆ ಕಾವಲು ಕುಳಿತಿದೆ. ಆನೆಯನ್ನು ಪಕ್ಕಕ್ಕೆ ಸರಿಸಿದರೆ ಕುದುರೆಗೆ ದಾರಿಯಾಗುತ್ತದೆ, ಆದರೆ ಕಾಲಾಳು ನುಗ್ಗುತ್ತದೆ. ಸರಿಸದಿದ್ದರೆ ಕುದುರೆ ಮೂಲೆಪಾಲು.

ಆಗ ಅವರು ಆನೆಯನ್ನು ಎತ್ತಿ ಇ6 ಮನೆಯಲ್ಲಿ ಇಟ್ಟರು. ಬಿಳಿ ಒಂಟೆ ನೇರವಾಗಿ ಹೊಡೆಯಬಹುದಾದ ಮನೆಯಲ್ಲಿ, ಯಾವ ಬೆದರಿಕೆಯನ್ನೂ ಒಡ್ಡದೆ, ಒಂದು ಚೆಕ್ ಸಹ ಇಲ್ಲದೆ ಸುಮ್ಮನೆ ಇಟ್ಟುಬಿಟ್ಟರು!

ಚದುರಂಗದಲ್ಲಿ ಆನೆಗೆ ಐದು ಅಂಕ, ಒಂಟೆಗೆ ಮೂರು ಎಂದು ಮಕ್ಕಳಿಗೆ ಮೊದಲ ವಾರವೇ ಹೇಳಿಕೊಡುತ್ತೇವೆ. ಐದು ಕೊಟ್ಟು ಮೂರು ತೆಗೆದುಕೊಳ್ಳುವುದು ಯಾವ ಲೆಕ್ಕದ ವ್ಯಾಪಾರ? ರಾಜನ ಮೇಲೆ ಎರಗುವುದಕ್ಕಾಗಿ ಕಾಯಿ ಬಲಿಕೊಡುವುದನ್ನು ಜಗತ್ತು ಎಷ್ಟೋ ಬಾರಿ ನೋಡಿತ್ತು, ಚಪ್ಪಾಳೆಯನ್ನೂ ತಟ್ಟಿತ್ತು. ಇಲ್ಲಿ ಎರಗುವ ಮಾತೇ ಇಲ್ಲ. ಎದುರಾಳಿಯ ಒಂದು ಕಾಲಾಳು ಒಂದು ಹೆಜ್ಜೆ ಮುಂದಿಡಬಾರದು ಎಂಬಷ್ಟಕ್ಕೇ ಆನೆ ಹೋಯಿತು.

ರೆಶೆವ್‌ಸ್ಕಿ ಒಂದು ನಡೆ ತಡೆದು, ಅನಂತರ ಒಂಟೆಯಿಂದ ಆ ಆನೆಯನ್ನು ಹೊಡೆದರು. ಕಪ್ಪು ಕಾಲಾಳು ಒಂಟೆಯನ್ನು ಹೊಡೆದು ಇ6ಕ್ಕೆ ಬಂದು ಕುಳಿತಿತು. ಈಗ ಹಲಗೆಯನ್ನು ಮತ್ತೊಮ್ಮೆ ಮನಸ್ಸಿಗೆ ತಂದುಕೊಳ್ಳಿ. ಬಿಳಿಯ ಇ5 ಕಾಲಾಳಿನ ಮೂಗಿಗೆ ಕಪ್ಪು ಕಾಲಾಳು ಅಡ್ಡ ಬಂದಿದೆ, ಅದಿನ್ನು ಒಂದು ಹೆಜ್ಜೆಯೂ ಕದಲುವಂತಿಲ್ಲ. ಕಪ್ಪು ಕುದುರೆ ಇ7ರ ಮೂಲಕ ಡಿ5 ಮನೆಗೆ ಬಂದು, ಅದೇ ಕಾಲಾಳಿನ ಆಸರೆಯಲ್ಲಿ ಕಂಬದಂತೆ ನಿಂತಿದೆ. ಬಿಳಿಯ ಉಳಿದ ಒಂದೇ ಒಂಟೆ ಬಿ2 ಮನೆಯಲ್ಲಿ, ತನ್ನವೇ ಆದ ಮೂರು ಕಾಲಾಳುಗಳ ಹಿಂದೆ, ಎದುರಿಗೇನಿದೆಯೆಂದೇ ಕಾಣದಂತೆ ಸಿಕ್ಕಿಕೊಂಡಿದೆ. ಬಿಳಿ ಬಣ್ಣದ ಮನೆಗಳ ಮೇಲೆ ಓಡಾಡಬಲ್ಲ ಬಿಳಿಯ ಒಂಟೆಯಾದರೋ ಆನೆಯನ್ನು ಹೊಡೆಯಲು ಹೋಗಿ ಹಲಗೆಯಿಂದ ಹೊರಬಿದ್ದಿತ್ತು. ಆ ಮನೆಗಳ ಮೇಲೆ ಈಗ ಕಪ್ಪು ಒಂಟೆಯದೇ ರಾಜ್ಯಭಾರ. ಅದು ಡಿ3 ಮನೆಗೆ ಬಂದು ಕುಳಿತು ಬಿಳಿಯ ಪಾಳೆಯದೊಳಗೇ ಠಾಣೆ ಹೂಡಿತು. ಐದು ಕೊಟ್ಟು ಮೂರು ತೆಗೆದುಕೊಂಡ ವ್ಯಾಪಾರ ಹೀಗೆ ತಿರುಗಿತ್ತು. ರೆಶೆವ್‌ಸ್ಕಿಯವರು 30ನೆಯ ನಡೆಯಲ್ಲಿ, ಬೇರೆ ದಾರಿ ಕಾಣದೆ, ತಾವು ಪಡೆದಿದ್ದ ಲಾಭವನ್ನು ಹಿಂದಿರುಗಿಸಿ, ಆ ಒಂಟೆಯನ್ನು ತೊಲಗಿಸಲು ತಮ್ಮದೇ ಆನೆಯನ್ನು ಕೊಡಬೇಕಾಯಿತು. 41 ನಡೆಗಳಿಗೆ ಆಟ ಡ್ರಾ ಆಯಿತು.

"ಇಷ್ಟು ಹೊತ್ತು ಹೇಳಿದ್ದು ಒಂದು ಡ್ರಾ ಆಟದ ಕತೆಯೇ?" ಎಂದು ತಾವು ಕೇಳಬಹುದು. ಹೌದು. ಸೋಲು ಬರೆದಿಟ್ಟಂತಿದ್ದ ಸ್ಥಿತಿಯಿಂದ ಎದ್ದುಬಂದ ಈ ಡ್ರಾ, ನಾನು ಬಲ್ಲ ಎಷ್ಟೋ ಗೆಲುವುಗಳಿಗಿಂತ ದೊಡ್ಡದು. ಇಂದು ಜಗತ್ತಿನ ಯಾವುದೇ ಗ್ರ್ಯಾಂಡ್‌ಮಾಸ್ಟರ್ ತಮ್ಮ ಆನೆಯನ್ನು ಹೀಗೆ ಒಂಟೆಗೋ ಕುದುರೆಗೋ ಬಿಟ್ಟುಕೊಟ್ಟರೆ, ನೋಡುವವರು ಮೊದಲು ನೆನೆಯುವ ಹೆಸರು ಪೆಟ್ರೋಸಿಯನ್. ಮತ್ತು ಆ ನಡೆ ಹುಟ್ಟಿದ್ದು ಯಾವ ಮಹಾ ಗಣಿತದಿಂದಲೂ ಅಲ್ಲ. ಎದುರಾಳಿಗೆ ಏನು ಬೇಕು ಎಂಬ ಪ್ರಶ್ನೆಯಿಂದ.

ಈ ಪ್ರಶ್ನೆಯನ್ನು ಒಮ್ಮೆ ಮರೆತಾಗ ಅವರಿಗೂ ಆದ ಗತಿಯನ್ನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. 1956ರಲ್ಲಿ ಆಮ್‌ಸ್ಟರ್‌ಡಾಮ್‌ನ ಕ್ಯಾಂಡಿಡೇಟ್ಸ್ ಪಂದ್ಯಾವಳಿಯಲ್ಲಿ ಡೇವಿಡ್ ಬ್ರಾನ್‌ಸ್ಟೈನ್ ಅವರನ್ನು ಪೆಟ್ರೋಸಿಯನ್ ಎಷ್ಟರಮಟ್ಟಿಗೆ ಕಟ್ಟಿಹಾಕಿದ್ದರೆಂದರೆ, ಬ್ರಾನ್‌ಸ್ಟೈನ್ ಬೇರೇನೂ ಆಡಲು ತೋಚದೆ ತಮ್ಮ ಕುದುರೆಯನ್ನು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಕುಣಿಸುತ್ತಿದ್ದರು. ಆ ಕುದುರೆ ಹಾಗೆಯೇ ಕುಣಿಯುತ್ತ ಬಂದು ಪೆಟ್ರೋಸಿಯನ್ ಅವರ ಮಂತ್ರಿಯ ಮೇಲೆ ಕಣ್ಣಿಟ್ಟಿತು. ಪೆಟ್ರೋಸಿಯನ್ ನೋಡಲಿಲ್ಲ, ಬೇರೊಂದು ಕಾಯಿಯನ್ನು ನಡೆಸಿದರು, ಮಂತ್ರಿ ಹೋಯಿತು, ಆಟವೂ ಹೋಯಿತು. ಇಷ್ಟು ಎಚ್ಚರದ ಆಟಗಾರನಿಗೇ ಹೀಗಾದ ಮೇಲೆ ನಮ್ಮ ಪಾಡೇನು?

1962ರಲ್ಲಿ ಕೆರಿಬಿಯನ್ ದ್ವೀಪ ಕುರಸಾವ್‌ನಲ್ಲಿ ಅದೇ ಬಗೆಯ ಪಂದ್ಯಾವಳಿ. ಪೆಟ್ರೋಸಿಯನ್ 27 ಆಟಗಳಲ್ಲಿ ಒಂದನ್ನೂ ಸೋಲದೆ, 8 ಗೆದ್ದು 19 ಡ್ರಾ ಮಾಡಿಕೊಂಡು, ಕೇವಲ ಅರ್ಧ ಅಂಕದ ಅಂತರದಲ್ಲಿ ಮೊದಲಿಗರಾದರು. ಗೆಲುವಿಗೆ ಒಂದು ಅಂಕ, ಡ್ರಾಗೆ ಅರ್ಧ, ಇದು ಪಂದ್ಯಗಳ ಲೆಕ್ಕ. ಸೋವಿಯತ್ ಆಟಗಾರರು ತಮ್ಮತಮ್ಮೊಳಗೆ ಬೇಗಬೇಗನೆ ಡ್ರಾ ಮಾಡಿಕೊಂಡರೆಂದು ಅಮೆರಿಕದ ಬಾಬಿ ಫಿಶರ್ ಬಹಿರಂಗವಾಗಿ ದೂರಿದರು. ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಮುಂದಿನ ಬಾರಿಯಿಂದ ಪದ್ಧತಿಯನ್ನೇ ಬದಲಿಸಿ ಇಬ್ಬಿಬ್ಬರ ನಡುವಿನ ಪಂದ್ಯಗಳನ್ನು ತಂದಿತು. ಪೆಟ್ರೋಸಿಯನ್, ಕೆರೆಸ್, ಗೆಲ್ಲರ್ ಈ ಮೂವರ ನಡುವಿನ ಆಟಗಳೆಲ್ಲ ಡ್ರಾ ಆದದ್ದು ನಿಜವೇ. ಆದರೆ ಅದೇ ಪಂದ್ಯಾವಳಿಯಲ್ಲಿ ಫಿಶರ್ ಅವರಿಗೆ ಬಂದದ್ದು 14 ಅಂಕ, ಪೆಟ್ರೋಸಿಯನ್‌ಗೆ 17.5. ಮೂರೂವರೆ ಅಂಕಗಳ ಅಂತರಕ್ಕೆ ಬೇರೆಯವರ ಡ್ರಾಗಳನ್ನು ಹೊಣೆ ಮಾಡುವುದು ನನಗೆ ಒಪ್ಪುವ ಮಾತಲ್ಲ.

1963ರ ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಾಸ್ಕೋದಲ್ಲಿ ಆಗಿನ ಚಾಂಪಿಯನ್ ಮಿಖಾಯಿಲ್ ಬಾಟ್ವಿನ್ನಿಕ್ ಅವರೊಡನೆ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯ ನಡೆಯಿತು. ಪೆಟ್ರೋಸಿಯನ್ ಮೊದಲನೆಯ ಆಟವನ್ನೇ ಸೋತರು. 5ನೆಯ ಆಟದಲ್ಲಿ ಸಮ ಮಾಡಿದರು, 7ರಲ್ಲಿ ಮುಂದೆ ಹೋದರು. 14ರಲ್ಲಿ ಬಾಟ್ವಿನ್ನಿಕ್ ಮತ್ತೆ ಸಮ ಮಾಡಿದೊಡನೆ ಪೆಟ್ರೋಸಿಯನ್ 15ನ್ನು ಗೆದ್ದರು, ಆಮೇಲೆ 18, 19 ಎರಡನ್ನೂ ಗೆದ್ದು 12.5ಕ್ಕೆ 9.5ರಿಂದ ಪಟ್ಟ ಪಡೆದರು. ಸೋವಿಯತ್ ಚದುರಂಗದ ಪಿತಾಮಹನಂತಿದ್ದ, ಎಲ್ಲವನ್ನೂ ವಿಜ್ಞಾನಿಯಂತೆ ಮೊದಲೇ ಸಿದ್ಧಪಡಿಸಿಕೊಂಡು ಬರುತ್ತಿದ್ದ ಬಾಟ್ವಿನ್ನಿಕ್‌ಗೆ, ತನ್ನ ಯೋಜನೆ ಏನೆಂದೇ ತೋರಗೊಡದೆ ಇವರ ಯೋಜನೆಯನ್ನೇ ಕೆಡಿಸುತ್ತ ಕೂರುವ ಈ ಎದುರಾಳಿಯನ್ನು ಹಿಡಿಯುವ ಬಗೆ ಕೊನೆಗೂ ಹೊಳೆಯಲಿಲ್ಲ.

ಸಮಯ ಓಡುತ್ತಿರುವುದನ್ನು ಗಾಜಿನ ಆಚೆಯಿಂದ ಸನ್ನೆ ಮಾಡಿ ತಿಳಿಸುತ್ತಿದ್ದಾರೆ, ಆದ್ದರಿಂದ ಉಳಿದದ್ದನ್ನು ಚುಟುಕಾಗಿಯೇ ಹೇಳುತ್ತೇನೆ.

ಪೆಟ್ರೋಸಿಯನ್‌ಗೆ ದಾಳಿ ಮಾಡಲು ಬರುತ್ತಿರಲಿಲ್ಲ ಎನ್ನುವವರು 1966ರಲ್ಲಿ ಬೋರಿಸ್ ಸ್ಪಾಸ್ಕಿಯವರೊಡನೆ ನಡೆದ ವಿಶ್ವ ಚಾಂಪಿಯನ್ ಪಂದ್ಯದ 10ನೆಯ ಆಟವನ್ನು ನೋಡಬೇಕು. ಅದರಲ್ಲಿ ಅವರು ಎರಡು ಬಾರಿ ಆನೆಯನ್ನು ಕಡಿಮೆ ಬೆಲೆಗೆ ಬಿಟ್ಟುಕೊಟ್ಟು, 30ನೆಯ ನಡೆಯಲ್ಲಿ ತಮ್ಮ ಮಂತ್ರಿಯನ್ನು ಎದುರಾಳಿಯ ರಾಜನ ಪಕ್ಕದ ಮೂಲೆಗೇ ಒಯ್ದು ಇಟ್ಟರು. ರಾಜ ಮಂತ್ರಿಯನ್ನು ಹೊಡೆಯಲೇಬೇಕು, ಹೊಡೆದೊಡನೆ ಕುದುರೆ ಒಂದೇ ನೆಗೆತಕ್ಕೆ ರಾಜನಿಗೂ ಸ್ಪಾಸ್ಕಿಯವರ ಮಂತ್ರಿಗೂ ಗುರಿಯಿಡುತ್ತದೆ. ಸ್ಪಾಸ್ಕಿ ಅಲ್ಲಿಯೇ ಸೋಲೊಪ್ಪಿಕೊಂಡರು. ಆ ಪಂದ್ಯವನ್ನು 12.5ಕ್ಕೆ 11.5ರಿಂದ ಗೆದ್ದು ಪೆಟ್ರೋಸಿಯನ್ ಪಟ್ಟ ಉಳಿಸಿಕೊಂಡರು. ಪಟ್ಟದಲ್ಲಿದ್ದ ಚಾಂಪಿಯನ್ ಒಬ್ಬರು ಸವಾಲು ಹಾಕಿದವರನ್ನು ಪಂದ್ಯದಲ್ಲಿ ಸೋಲಿಸಿದ್ದು 1934ರಲ್ಲಿ ಅಲೆಖೈನ್ ಅವರ ನಂತರ ಅದೇ ಮೊದಲು. ಮೂರು ವರ್ಷಗಳ ಬಳಿಕ ಅದೇ ಸ್ಪಾಸ್ಕಿಯವರಿಗೆ ಪಟ್ಟ ಬಿಟ್ಟುಕೊಟ್ಟರು.

ದೇಶದೇಶಗಳ ತಂಡಗಳು ಸೆಣಸುವ ಚದುರಂಗ ಒಲಿಂಪಿಯಾಡ್‌ಗಳಲ್ಲಿ ಸೋವಿಯತ್ ತಂಡಕ್ಕಾಗಿ 1958ರಿಂದ 1978ರ ನಡುವೆ 10 ಬಾರಿ ಆಡಿದ ಅವರು 129 ಆಟಗಳಲ್ಲಿ 78 ಗೆದ್ದು, 50 ಡ್ರಾ ಮಾಡಿಕೊಂಡು, ಸೋತದ್ದು ಒಂದೇ ಒಂದನ್ನು. ಈ ಲೆಕ್ಕವನ್ನು ನಾನು ನಿಧಾನವಾಗಿ ಇನ್ನೊಮ್ಮೆ ಹೇಳುತ್ತೇನೆ: 78 ಗೆಲುವು, 50 ಡ್ರಾ, 1 ಸೋಲು. ಬರೀ ಡ್ರಾ ಮಾಡಿಕೊಳ್ಳುತ್ತಿದ್ದರು ಎನ್ನುವವರು ಇದನ್ನು ಬರೆದಿಟ್ಟುಕೊಳ್ಳಲಿ. ಆ ಒಂದು ಸೋಲು 1972ರಲ್ಲಿ ಸ್ಕೋಪ್ಯೆಯಲ್ಲಿ, ಜರ್ಮನಿಯ ರಾಬರ್ಟ್ ಹ್ಯೂಬ್ನರ್ ಎದುರು, ಗಡಿಯಾರದ ಸಮಯ ಮುಗಿದುಹೋದದ್ದರಿಂದ ಬಂದದ್ದು. ಅದಕ್ಕೆ ಹಿಂದಿನ ವರ್ಷ ಸ್ಪೇನ್‌ನ ಸೆವಿಲ್ಲೆಯಲ್ಲಿ ಇದೇ ಹ್ಯೂಬ್ನರ್ ಜೊತೆಗಿನ ಪಂದ್ಯದಲ್ಲಿ ಹೊರಗಿನ ಗದ್ದಲ ವಿಪರೀತವಾಗಿದ್ದಾಗ, ಪೆಟ್ರೋಸಿಯನ್ ತಮ್ಮ ಶ್ರವಣಯಂತ್ರವನ್ನು ಆರಿಸಿ ನೆಮ್ಮದಿಯಾಗಿ ಆಡಿದರು. ಹ್ಯೂಬ್ನರ್ ಏಳನೆಯ ಆಟ ಸೋತ ಮೇಲೆ ಪಂದ್ಯವನ್ನೇ ಬಿಟ್ಟು ಹೊರನಡೆದರು. ಅದೇ 1971ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ, ಎದುರಿಗೆ ಬಂದವರನ್ನೆಲ್ಲ ಸಾಲುಸಾಲಾಗಿ ಸೋಲಿಸುತ್ತ ಬಂದಿದ್ದ ಫಿಶರ್ ಅವರ ಗೆಲುವಿನ ಓಟವನ್ನು ಎರಡನೆಯ ಆಟದಲ್ಲಿ ಕಡಿದವರೂ ಪೆಟ್ರೋಸಿಯನ್ನರೇ. ಪಂದ್ಯ ಮಾತ್ರ 6.5ಕ್ಕೆ 2.5ರಿಂದ ಫಿಶರ್ ಪಾಲಾಯಿತು.

ಪೆಟ್ರೋಸಿಯನ್ 1984ರ ಆಗಸ್ಟ್ 13ರಂದು ಮಾಸ್ಕೋದಲ್ಲಿ ತೀರಿಕೊಂಡರು. ಇಂದು ಅರ್ಮೇನಿಯಾದ 2000 ಡ್ರಾಮ್ ನೋಟಿನ ಮೇಲೆ ಅವರ ಚಿತ್ರವಿದೆ. ಆ ಪುಟ್ಟ ದೇಶ 2006, 2008 ಮತ್ತು 2012ರಲ್ಲಿ ಒಲಿಂಪಿಯಾಡ್ ಗೆದ್ದಿತು, 2011ರಿಂದ ಅಲ್ಲಿನ ಶಾಲೆಗಳಲ್ಲಿ ಚದುರಂಗ ಕಡ್ಡಾಯ ಪಾಠವಾಯಿತು.

ಮನೆಯಲ್ಲಿ ಚದುರಂಗದ ಹಲಗೆಯಿರುವವರಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಾನು ಹೇಳಿದ ರೆಶೆವ್‌ಸ್ಕಿ ಆಟ ಮತ್ತು ಸ್ಪಾಸ್ಕಿಯ 10ನೆಯ ಆಟದ ಜೊತೆಗೆ, 1960ರಲ್ಲಿ ಹ್ಯಾಂಬರ್ಗ್‌ನಲ್ಲಿ ವೋಲ್ಫ್‌ಗಾಂಗ್ ಉಂಟ್ಸಿಕರ್ ಎದುರು ಪೆಟ್ರೋಸಿಯನ್ ಆಡಿದ ಆಟವನ್ನೂ ಹುಡುಕಿ ತೆಗೆಯಿರಿ. ಅಂತರಜಾಲದಲ್ಲಿ ಮೂರೂ ಸಿಗುತ್ತವೆ. ಉಂಟ್ಸಿಕರ್ ಆಟದಲ್ಲಿ ಪೆಟ್ರೋಸಿಯನ್ ತಮ್ಮ ರಾಜನನ್ನು ಬಲಬದಿಯಿಂದ ಒಂದೊಂದೇ ಹೆಜ್ಜೆಯಿಡಿಸುತ್ತ ಎಡತುದಿಯವರೆಗೆ ನಡೆಸಿಕೊಂಡು ಹೋಗುತ್ತಾರೆ, ಬಲಬದಿಯಲ್ಲಿ ತಾವು ಮುಂದೆ ಎಬ್ಬಿಸಲಿರುವ ಗಲಾಟೆ ರಾಜನಿಗೆ ತಟ್ಟಬಾರದೆಂದು. ಕಾಯಿಗಳನ್ನು ಹಲಗೆಯ ಮೇಲೆ ಜೋಡಿಸಿಕೊಂಡು ಕೈಯಿಂದಲೇ ನಡೆಸಿ. ದಯವಿಟ್ಟು ಕಂಪ್ಯೂಟರನ್ನು ಆರಿಸಿಡಿ. ಅದು ಉತ್ತರವನ್ನು ಮೊದಲೇ ಹೇಳಿಬಿಡುತ್ತದೆ. ಪೆಟ್ರೋಸಿಯನ್ ಅವರ ಪ್ರತಿಯೊಂದು ನಡೆಯ ಮೊದಲೂ ಅದನ್ನು ಕಾಗದದಿಂದ ಮುಚ್ಚಿಟ್ಟು, ಮಗುವನ್ನು ಕೇಳಿ: ಎದುರಾಳಿಗೆ ಈಗ ಏನು ಬೇಕು? ಮಗು ಉತ್ತರ ಹೇಳಿದ ಮೇಲೆಯೇ ಕಾಗದ ಸರಿಸಿ.

ನಮಸ್ಕಾರ.